ಕಥೆ ಬರೆದವರ ಹೆಸರು ಎಲ್ಲಿ?

ಮಾನ್ಯ ಸಂಪಾದಕರೇ,

ನಮ್ಮ ಸಿನಿಮಾಗಳಲ್ಲಿ ಕಥೆಯೇ ಇರುವುದಿಲ್ಲ, ಕಥೆ ಹೇಳುವುದನ್ನು ಅಮೆರಿಕದವರನ್ನು ನೋಡಿ ಕಲಿಯಬೇಕು ಎಂಬ ಮಾತನ್ನು ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಅಷ್ಟೂ ವರ್ಷ ಕೇಳಿದ್ದೇನೆ. ನಿವೃತ್ತನಾದ ಮೇಲೆ ಮನೆಯ ಮಕ್ಕಳ ಬಾಯಲ್ಲಿ ಕೇಳುತ್ತಿದ್ದೇನೆ. ಹಿಂದೆ ಈ ಮಾತನ್ನು ಆಡುತ್ತಿದ್ದವರು ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಸಿನಿಮಾ ನೋಡಿ ಬರುತ್ತಿದ್ದ ಕೆಲವೇ ಮಂದಿ. ಈಗ ಒಟಿಟಿ ಬಂದ ಮೇಲೆ ಅಮೆರಿಕದ ಸಿನಿಮಾ ನಮ್ಮ ತಿಪಟೂರಿನ ಹುಡುಗನ ಅಂಗೈಗೂ ಬಂದಿದೆ, ಅವನೂ ಅದೇ ಮಾತನ್ನು ಹೇಳುತ್ತಾನೆ. ಈ ಆಕ್ಷೇಪದಲ್ಲಿ ನಿಜವೆಷ್ಟು, ಅದರ ಬೇರು ಎಲ್ಲಿದೆ ಎಂಬುದನ್ನು ಕುರಿತು ನನಗೆ ಅನ್ನಿಸಿದ್ದನ್ನು ನಿಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ. ಪತ್ರ ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಸಹಿಸಬೇಕು.

ಮೊದಲಿಗೆ, ನಾವು ಮಾಡುವ ಹೋಲಿಕೆಯೇ ಸಮನಾದುದಲ್ಲ. ನಮ್ಮ ಊರಿನ ಚಿತ್ರಮಂದಿರಕ್ಕೆ ವಾರವಾರ ಬರುವ ಸಿನಿಮಾಗಳನ್ನು ನಾವು ಆರಿಸದೆ ನೋಡುತ್ತೇವೆ. ಅಮೆರಿಕದಿಂದ ನಮ್ಮ ತನಕ ಬರುವುದಾದರೋ ಅಲ್ಲಿಯ ಪ್ರೇಕ್ಷಕರು, ಅಲ್ಲಿಯ ವಿಮರ್ಶಕರು, ಕೊನೆಗೆ ಕಾಲ, ಹೀಗೆ ಮೂರು ಜರಡಿಗಳಲ್ಲಿ ಸೋಸಿ ಉಳಿದದ್ದು. ಅವರ ಗಟ್ಟಿಕಾಳನ್ನು ನಮ್ಮ ರಾಶಿಯ ಜೊಳ್ಳಿನ ಪಕ್ಕದಲ್ಲಿಟ್ಟು ತೂಗಿದರೆ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿಯೂ ಈಚಿನ ವರ್ಷಗಳಲ್ಲಿ ದೊಡ್ಡ ಸ್ಟುಡಿಯೊಗಳ ಹಣವೆಲ್ಲ ಸೂಪರ್ ಹೀರೊಗಳ ಸರಣಿಗಳಿಗೇ ಹರಿದಿದೆ. 2019ರ 'ಅವೆಂಜರ್ಸ್: ಎಂಡ್‌ಗೇಮ್' ಜಗತ್ತಿನಾದ್ಯಂತ 270 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು, ಅದು ಆ ಸರಣಿಯ 22ನೆಯ ಚಿತ್ರ, ಹಿಂದಿನವನ್ನು ನೋಡದವನಿಗೆ ಅದರ ಅರ್ಧಕ್ಕರ್ಧ ಸನ್ನಿವೇಶಗಳ ತಲೆಬುಡ ತಿಳಿಯುವುದಿಲ್ಲ. ಆದ್ದರಿಂದ ಅಮೆರಿಕವೆಂದರೆ ಒಳ್ಳೆಯ ಕಥೆ, ಭಾರತವೆಂದರೆ ಕಥೆಯಿಲ್ಲದ ಗದ್ದಲ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಆಕ್ಷೇಪವನ್ನು ತಳ್ಳಿಹಾಕಲೂ ಮನಸ್ಸು ಬಾರದು. ಅವರ ಒಂದು ಸಾಧಾರಣ ಹೊಡೆದಾಟದ ಸಿನಿಮಾ ನೋಡಿ ಎದ್ದಾಗ ಮನಸ್ಸಿಗೆ ಆಗುವ ತೃಪ್ತಿ ನಮ್ಮ ಹೊಡೆದಾಟದ ಸಿನಿಮಾ ನೋಡಿ ಎದ್ದಾಗ ಅನೇಕ ಸಲ ಆಗುವುದಿಲ್ಲ. ಎರಡರಲ್ಲೂ ನಾಯಕ ಒಬ್ಬನೇ ಹತ್ತಾರು ಜನರನ್ನು ಬಡಿಯುತ್ತಾನೆ, ಕೊನೆಯಲ್ಲಿ ಗೆಲ್ಲುತ್ತಾನೆ, ವಾಸ್ತವಿಕತೆ ಎರಡರಲ್ಲೂ ಅಷ್ಟಕ್ಕಷ್ಟೆ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ? ಅದನ್ನು ತೋರಿಸಲು ಕಲಾತ್ಮಕ ಚಿತ್ರವೊಂದನ್ನಲ್ಲ, 1988ರ 'ಡೈ ಹಾರ್ಡ್' ಎಂಬ ಅಪ್ಪಟ ವ್ಯಾಪಾರಿ ಚಿತ್ರವನ್ನೇ ತೆಗೆದುಕೊಳ್ಳುತ್ತೇನೆ.

ಆ ಚಿತ್ರ ಶುರುವಾಗುವುದು ವಿಮಾನದಲ್ಲಿ. ಹಾರಾಟಕ್ಕೆ ಅಂಜುವ ಪೊಲೀಸ್ ಅಧಿಕಾರಿಗೆ ಪಕ್ಕದ ಪ್ರಯಾಣಿಕ ಒಂದು ಸಲಹೆ ಕೊಡುತ್ತಾನೆ: ಊರು ತಲುಪಿದ ಮೇಲೆ ಬೂಟು, ಕಾಲುಚೀಲ ಎರಡನ್ನೂ ಕಳಚಿ ಬರಿಗಾಲಿನಲ್ಲಿ ಜಮಖಾನೆಯ ಮೇಲೆ ಓಡಾಡಿ, ಕಾಲ್ಬೆರಳುಗಳನ್ನು ಮುಷ್ಟಿ ಹಿಡಿದಂತೆ ಮಡಿಸಿ ನೋಡಿ, ಆಯಾಸ ಹೋಗುತ್ತದೆ. ಕೇಳಿದವರಿಗೆ ಇದೊಂದು ಲೋಕಾಭಿರಾಮದ ಮಾತು. ಹೆಂಡತಿ ಕೆಲಸ ಮಾಡುವ ಬಹುಮಹಡಿ ಕಟ್ಟಡದ ಕೋಣೆಯೊಂದರಲ್ಲಿ ಅವನು ಆ ಸಲಹೆಯಂತೆ ಬೂಟು ಕಳಚಿದ ಗಳಿಗೆಯಲ್ಲೇ ಬಂದೂಕುಧಾರಿಗಳು ಕಟ್ಟಡಕ್ಕೆ ನುಗ್ಗುತ್ತಾರೆ, ಅವನು ಬರಿಗಾಲಿನಲ್ಲೇ ಓಡಬೇಕಾಗುತ್ತದೆ. ಮೊದಲು ಸತ್ತ ಶತ್ರುವಿನ ಬೂಟು ಹಾಕಿ ನೋಡುತ್ತಾನೆ, ಹಿಡಿಸುವುದಿಲ್ಲ. ಮುಂದೆ ಅವನ ಬರಿಗಾಲನ್ನು ಗಮನಿಸಿದ ಖಳನಾಯಕ ತನ್ನವನಿಗೆ ಗಾಜಿಗೆ ಗುಂಡು ಹೊಡೆಯುವಂತೆ ಹೇಳುತ್ತಾನೆ. ನೆಲದ ತುಂಬ ಗಾಜಿನ ಚೂರು. ಅದರ ಮೇಲೆ ನಡೆದು ಪಾರಾದವನು ಅಂಗಾಲಿನಿಂದ ಒಂದೊಂದೇ ಚೂರು ಕಿತ್ತು ತೆಗೆಯುತ್ತ, ಎಂದೂ ಮುಖ ನೋಡದ ಇನ್ನೊಬ್ಬ ಪೊಲೀಸಿನವನ ಜೊತೆ ವೈರ್‌ಲೆಸ್‌ನಲ್ಲಿ ಮಾತನಾಡುತ್ತಾನೆ, ಹೆಂಡತಿಯ ವಿಷಯದಲ್ಲಿ ತಾನು ಮಾಡಿದ ತಪ್ಪನ್ನು ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಾನೆ. ಜಮಖಾನೆಯ ಮೇಲಿನ ಬರಿಗಾಲಿನಿಂದ ಹೊರಟ ಎಳೆ ಪಶ್ಚಾತ್ತಾಪದ ತನಕ ಎಲ್ಲಿಯೂ ಕಡಿಯದೆ ಬಂದಿದೆ. ಕಥೆ ಹೇಳುವ ಕಸುಬು ಎಂದು ನಾನು ಕರೆಯುವುದು ಇದನ್ನು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ, ಕಂಪ್ಯೂಟರ್ ಗ್ರಾಫಿಕ್ಸ್ ಬೇಕಾಗಿಲ್ಲ. ಬರೆಯುವವನು ಕುಳಿತು, 'ಇದು ಆದ್ದರಿಂದ ಅದು ಆಯಿತು' ಎಂದು ಯೋಚಿಸಬೇಕು, ಅಷ್ಟೆ.

ಈಗ ನಮ್ಮದೇ ಒಂದು ಚಿತ್ರಕ್ಕೆ ಬರೋಣ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರೀಕರಣಗೊಂಡದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಪಶ್ಚಿಮದ ಕೌಬಾಯ್ ಚಿತ್ರಗಳ ಋಣವೂ, ಜಪಾನಿನ ಅಕಿರ ಕುರೊಸಾವ ಅವರ 'ಸೆವೆನ್ ಸಮುರಾಯ್' ಚಿತ್ರದ ಋಣವೂ ಅದರ ಮೇಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದರಲ್ಲಿ ಠಾಕೂರನ ಹೆಗಲ ಮೇಲಿನ ಶಾಲನ್ನು ನೆನಪಿಸಿಕೊಳ್ಳಿ. ಹಳ್ಳಿಯ ದೊಡ್ಡ ಮನುಷ್ಯ ಶಾಲು ಹೊದ್ದಿದ್ದಾನೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಹೋಳಿಯ ದಿನ ದರೋಡೆಕೋರರು ಊರಿಗೆ ನುಗ್ಗಿ, ಇಬ್ಬರು ನಾಯಕರೂ ಸಿಕ್ಕಿಬಿದ್ದಾಗ, ಬಂದೂಕು ಠಾಕೂರನ ಕಾಲಬುಡದಲ್ಲೇ ಬಿದ್ದಿರುತ್ತದೆ. ಅವನು ಬಗ್ಗಿ ಎತ್ತಿಕೊಡುವುದಿಲ್ಲ. ಇವನೆಂಥ ಹೇಡಿ ಎಂದು ನಾಯಕರ ಜೊತೆ ನಾವೂ ಸಿಟ್ಟಾಗುತ್ತೇವೆ. ಆಮೇಲೆ ಹಳೆಯ ಕಥೆ ಬಿಚ್ಚಿಕೊಳ್ಳುತ್ತದೆ, ಶಾಲು ಜಾರುತ್ತದೆ, ಎರಡು ಖಾಲಿ ತೋಳುಗಳು ಕಾಣುತ್ತವೆ. ಅಲ್ಲಿಯ ತನಕ ನಾವು ನೋಡಿದ ಅವನ ಪ್ರತಿಯೊಂದು ನಿಲುವಿನ ಅರ್ಥವೂ ಆ ಒಂದು ಕ್ಷಣದಲ್ಲಿ ಬದಲಾಗಿಬಿಡುತ್ತದೆ. ಕೈಯಿಲ್ಲದವನಿಗೆ ಉಳಿದದ್ದು ಕಾಲು. ಆಳು ರಾಮಲಾಲ ಅವನ ಬೂಟಿನ ಅಟ್ಟೆಗೆ ಮೊಳೆ ಬಡಿಯುತ್ತಾನೆ. ಕೊನೆಯ ಹೋರಾಟ ಆ ಮೊಳೆಗಳದ್ದೇ. 'ಡೈ ಹಾರ್ಡ್' ಬರುವುದಕ್ಕೆ 13 ವರ್ಷ ಮೊದಲೇ, ಹಾಡು, ಕುಣಿತ, ಹಾಸ್ಯ, ಸೆಂಟಿಮೆಂಟು ಎಲ್ಲವನ್ನೂ ಇಟ್ಟುಕೊಂಡೇ ನಮ್ಮವರು ಇಂಥ ಎಳೆಯನ್ನು ನೇಯ್ದಿದ್ದರು. ಭಾರತದ ವ್ಯಾಪಾರಿ ಸಿನಿಮಾಕ್ಕೆ ಕಥೆ ಹೇಳಲು ಬರುವುದಿಲ್ಲ ಎನ್ನುವವರು ಈ ಶಾಲನ್ನೂ ಈ ಮೊಳೆಗಳನ್ನೂ ಮರೆತಿದ್ದಾರೆ.

ಅದನ್ನು ಬರೆದವರು ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್. 1973ರಲ್ಲಿ ಅವರು ಬರೆದ 'ಜಂಜೀರ್' ಬಿಡುಗಡೆಯಾದಾಗ ಮುಂಬೈಯ ಗೋಡೆಗಳ ಮೇಲಿನ ಪೋಸ್ಟರುಗಳಲ್ಲಿ ಬರೆದವರ ಹೆಸರು ಇರಲಿಲ್ಲ. ಇಬ್ಬರೂ ಪೇಂಟರನನ್ನು ಗೊತ್ತುಮಾಡಿ ಆ ಪೋಸ್ಟರುಗಳ ಮೇಲೆ ತಮ್ಮ ಹೆಸರು ಬರೆಸಿದರು ಎಂಬ ಪ್ರಸಂಗ ಚಿತ್ರರಂಗದಲ್ಲಿ ಮನೆಮಾತಾಗಿದೆ. ಕೇಳಲು ಸ್ವಾರಸ್ಯವಾದ ಪ್ರಸಂಗ, ಆದರೆ ಯೋಚಿಸಿದರೆ ಮನಸ್ಸಿಗೆ ನೋವಾಗುತ್ತದೆ. ಕಥೆ ಕಟ್ಟಿದವನು ತನ್ನ ಹೆಸರಿಗಾಗಿ ತಾನೇ ಬಣ್ಣದ ಡಬ್ಬಿ ಹಿಡಿಸಬೇಕಾದ ಉದ್ಯಮ ನಮ್ಮದು. ಹೀಗೆ ಹೆಸರು ಪಡೆದ ಮೇಲೆ ಅವರ ಮಾತಿಗೆ ಬೆಲೆ ಬಂತು, ಬರೆದದ್ದನ್ನು ಬರೆದಂತೆ ತೆಗೆಯಬೇಕೆಂದು ಹಟ ಹಿಡಿಯುವ ಬಲ ಬಂತು, 'ದೀವಾರ್' ಬಂತು, 'ಶೋಲೆ' ಬಂತು. ಕನ್ನಡದ ಓದುಗರು ನೆನಪಿಡಬೇಕಾದ ಸಂಗತಿಯೆಂದರೆ, 1976ರಲ್ಲಿ ಡಾ. ರಾಜ್‌ಕುಮಾರ್ ನಟಿಸಿದ 'ಪ್ರೇಮದ ಕಾಣಿಕೆ' ಮತ್ತು 'ರಾಜ ನನ್ನ ರಾಜ' ಚಿತ್ರಗಳ ಕಥೆಯೂ ಇದೇ ಜೋಡಿಯದು. ಕಥೆಯನ್ನು ಕಥೆಗಾರರಿಂದಲೇ ಕೊಳ್ಳಬೇಕು ಎಂಬ ವಿವೇಕ ಅಂದಿನ ನಮ್ಮ ನಿರ್ಮಾಪಕರಿಗೆ ಇತ್ತು.

ಇಂದು ಗಾಂಧಿನಗರದಲ್ಲಿ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಸಹಾಯಕ ನಿರ್ದೇಶಕನಾಗಿ ಹಲವು ವರ್ಷ ದುಡಿದವನು. ಅವನು ನಮ್ಮ ತಿಪಟೂರು ಸೀಮೆಯ ಕೊಬ್ಬರಿಯನ್ನೇ ವಸ್ತುವಾಗಿಟ್ಟುಕೊಂಡು ಒಂದು ಕಥೆ ಬರೆದಿದ್ದ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟುಕು ಲೊಟಲೊಟನೆ ಸದ್ದು ಮಾಡುತ್ತದೆ. ಸದ್ದು ಕೇಳಿಯೇ ಕೊಬ್ಬರಿ ಪಕ್ವವಾಯಿತೆಂದು ಹೇಳಬಲ್ಲ ಒಬ್ಬ ಮುದುಕ ಆ ಕಥೆಯಲ್ಲಿದ್ದ. ಅವನಿಗೆ ಕಿವಿ ಮಂದವಾಗುತ್ತಿದೆ, ಅದನ್ನು ಮಾರುಕಟ್ಟೆಯವರಿಂದ ಮುಚ್ಚಿಟ್ಟಿದ್ದಾನೆ, ಜೊತೆಗಿರುವ ಮಗ ಮಾತ್ರ ಅಪ್ಪನ ಬೆನ್ನಿಗೆ ಬೆರಳು ತಾಗಿಸಿ ಸನ್ನೆ ಕೊಡುತ್ತಾನೆ. ಮುಂದೆ ಅಪ್ಪಮಗನಿಗೆ ಜಗಳವಾಗಿ ಮಗ ಮನೆ ಬಿಟ್ಟು ಹೋದ ಮರುದಿನ ಮುದುಕ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಬೆನ್ನಿಗೆ ಬರಬೇಕಾದ ಬೆರಳಿಗಾಗಿ ಕಾಯುತ್ತಾನೆ. ನನ್ನ ವಿದ್ಯಾರ್ಥಿ ಈ ದೃಶ್ಯವನ್ನು ನನ್ನ ಮನೆಯ ಜಗಲಿಯಲ್ಲಿ ಕುಳಿತು ಓದಿದ ಸಂಜೆ ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತು ಕೇಳಿದ್ದಳು.

ಕಥೆಯನ್ನು ಒಬ್ಬ ನಿರ್ಮಾಪಕರು ಒಪ್ಪಿದರು. ಹೋಟೆಲಿನ ಕೋಣೆಯಲ್ಲಿ 'ಡಿಸ್ಕಷನ್' ಆರಂಭವಾಯಿತು. ನಾಯಕನಟರ ಕಾಲ್‌ಶೀಟ್ ಸಿಕ್ಕಿದ್ದು ಎರಡೂವರೆ ತಿಂಗಳ ಆಚೆಗೆ, ಆದ್ದರಿಂದ ಬರವಣಿಗೆ ಅಷ್ಟರೊಳಗೆ ಮುಗಿಯಬೇಕು. ಮೊದಲು ಹೀರೊ ಇಂಟ್ರೊಡಕ್ಷನ್‌ಗೆ ಒಂದು ಫೈಟು ಬೇಕೆಂದರು. ಮಗ ಹಮಾಲಿಯಾಗಿರುವುದು ಬೇಡ, ಊರಿಗೇ ಬೇಕಾದವನಾಗಲಿ, ಬಿಲ್ಡಪ್ ಕೊಡಬಹುದು ಎಂದರು. ಅಪ್ಪನ ಕಿವುಡುತನದಿಂದ ಕಥೆ 'ಡಲ್' ಆಗುತ್ತದೆ ಎಂದು ಅದನ್ನು ತೆಗೆದರು. ಅದು ಹೋದ ಮೇಲೆ ಬೆರಳಿನ ಸನ್ನೆಗೆ ಅರ್ಥವಿಲ್ಲ, ಅದೂ ಹೋಯಿತು. ಅದು ಹೋದ ಮೇಲೆ ಕೊಬ್ಬರಿಯೇ ಏಕೆ, ಗ್ರಾನೈಟ್ ಆದರೆ ದೊಡ್ಡದಾಗಿ ಕಾಣುತ್ತದೆ ಎಂದರು. ಕೊನೆಗೆ ಉಳಿದದ್ದು ಅಪ್ಪಮಗ ಇಬ್ಬರು ಎಂಬುದು ಮಾತ್ರ. ಟೈಟಲ್ ಕಾರ್ಡಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಂದು ಒಂದೇ ಹೆಸರು ಬಂತು, ಅದು ನನ್ನ ವಿದ್ಯಾರ್ಥಿಯ ಹೆಸರಾಗಿರಲಿಲ್ಲ. ಆ ಕೋಣೆಯಲ್ಲಿ ಕುಳಿತವರು ಯಾರೂ ಕೆಟ್ಟವರಲ್ಲ ಎಂದು ಅವನೇ ಹೇಳುತ್ತಾನೆ, ನಾನೂ ನಂಬುತ್ತೇನೆ. ಸಾಲ ತಂದು ಹಣ ಹೂಡಿದವರಿಗೆ ಹೆದರಿಕೆ ಇದ್ದೇ ಇರುತ್ತದೆ, ಮೊದಲ ಮೂರು ದಿನದ ಗಳಿಕೆ ನಾಯಕನ ಮುಖ ನೋಡಿ ಬರುತ್ತದೆಯೇ ಹೊರತು ಮುದುಕನ ಕಿವಿ ನೋಡಿ ಬರುವುದಿಲ್ಲ ಎಂಬ ಲೆಕ್ಕ ಅವರದು. ಆದರೆ ಆ ಕೋಣೆಯಲ್ಲಿ ಎಲ್ಲರಿಗೂ ಒಂದೊಂದು ಮಾತಿತ್ತು, ಬರೆದವನಿಗೆ ಮಾತ್ರ ಇರಲಿಲ್ಲ.

ಅಮೆರಿಕದವರಿಗೂ ನಮಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿಯೂ ನಿರ್ಮಾಪಕರು ದಯಾಮಯಿಗಳಲ್ಲ, ಅಲ್ಲಿಯೂ ಬರಹಗಾರರನ್ನು ತೆಗೆದುಹಾಕುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರಿಂದ ತಿದ್ದಿಸುತ್ತಾರೆ. ಆದರೆ ಅಲ್ಲಿಯ ಚಿತ್ರಕಥೆಗಾರರು 1933ರಲ್ಲೇ ಸಂಘ ಕಟ್ಟಿಕೊಂಡರು. ಒಂದು ಚಿತ್ರಕ್ಕೆ ಹಲವರು ಬರೆದಿದ್ದು ಹೆಸರಿನ ಬಗ್ಗೆ ತಕರಾರು ಬಂದರೆ, ಅದನ್ನು ತೀರ್ಮಾನಿಸುವುದು ನಿರ್ಮಾಪಕನಲ್ಲ. ಬರಹಗಾರರ ಸಂಘವೇ ಎಲ್ಲ ಕರಡುಗಳನ್ನು ತನ್ನ ಸದಸ್ಯರಿಂದ ಓದಿಸಿ ಯಾರ ಹೆಸರು ಬರಬೇಕೆಂದು ಹೇಳುತ್ತದೆ. ಚಿತ್ರ ಟೆಲಿವಿಷನ್ನಿನಲ್ಲಿ ಮತ್ತೆ ಪ್ರಸಾರವಾದರೆ ಬರೆದವನಿಗೂ ಪಾಲು ಸಲ್ಲಬೇಕೆಂದು 1960ರಲ್ಲಿ ಅವರು ಮುಷ್ಕರ ಹೂಡಿದರು. 2023ರಲ್ಲಿ ಒಟಿಟಿ ಕಾಲದ ಸಂಭಾವನೆಗಾಗಿಯೂ, ತಮ್ಮ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಬಾರದೆಂದೂ 148 ದಿನ ಲೇಖನಿ ಕೆಳಗಿಟ್ಟರು, ಇಡೀ ಉದ್ಯಮ ನಿಂತಿತು. ಆಸ್ಕರ್ ಪ್ರಶಸ್ತಿ 1929ರಲ್ಲಿ ಆರಂಭವಾದಾಗಿನಿಂದಲೂ ಅದರಲ್ಲಿ ಬರವಣಿಗೆಗೆ ಸ್ಥಾನವಿದೆ. ನಮ್ಮಲ್ಲಿ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಚಿತ್ರಕ್ಕಾಗಿ ಬರೆದವರಿಗೂ ಸಂಗೀತ ಕೊಟ್ಟವರಿಗೂ ಗೌರವಧನದ (ರಾಯಲ್ಟಿಯ) ಹಕ್ಕು ಕಾನೂನಿನಲ್ಲಿ ಬಂತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ದನಿಯೆತ್ತಿದವರಲ್ಲಿ ಜಾವೇದ್ ಅಖ್ತರ್ ಒಬ್ಬರು. ಕಾನೂನು ಬಂದಿದೆ, ರೂಢಿ ಇನ್ನೂ ಬಂದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಈಚೆಗೆ ನಮ್ಮಲ್ಲೂ 'ಬೌಂಡ್ ಸ್ಕ್ರಿಪ್ಟ್' ಎಂಬ ಮಾತು ಬಳಕೆಗೆ ಬಂದಿದೆ; ಅಚ್ಚುಕಟ್ಟಾಗಿ ಬೈಂಡ್ ಮಾಡಿಸಿದ ಚಿತ್ರಕಥೆ ಕೈಯಲ್ಲಿದ್ದರೆ ಅಮೆರಿಕದವರಂತೆ ಆದೆವು ಎಂದು ಹಲವರು ಭಾವಿಸಿದ್ದಾರೆ. ಪುಸ್ತಕದ ರಟ್ಟಿನಲ್ಲಿ ಏನೂ ಇಲ್ಲ. 1942ರ 'ಕಾಸಾಬ್ಲಾಂಕಾ' ಚಿತ್ರದ ಬರವಣಿಗೆ ಚಿತ್ರೀಕರಣ ಶುರುವಾದಾಗ ಮುಗಿದೇ ಇರಲಿಲ್ಲ, ಮೂವರು ಚಿತ್ರಕಥೆಗಾರರ ಹೆಸರು ಹೊತ್ತ ಆ ಚಿತ್ರ ಬರವಣಿಗೆಗೇ ಆಸ್ಕರ್ ಪಡೆಯಿತು. ಬೇಕಾದದ್ದು ಕೊನೆಯ ದಿನದ ತನಕ ಕಥೆಯ ಎಳೆಯನ್ನು ಕೈಯಲ್ಲಿ ಹಿಡಿದು ಕುಳಿತಿರುವ ಒಬ್ಬ ಬರಹಗಾರ, ಅವನು 'ಈ ಎಳೆ ಕಿತ್ತರೆ ಆ ತುದಿಯಲ್ಲಿ ಬಟ್ಟೆ ಹರಿಯುತ್ತದೆ' ಎಂದಾಗ ಕೇಳಿಸಿಕೊಳ್ಳುವ ನಿರ್ದೇಶಕ.

ಬೇರೆಯವರ ಕಥೆ ತರುವಾಗಲೂ ಇದೇ ಪ್ರಶ್ನೆ. ಕ್ರಿಸ್ಟೋಫರ್ ನೋಲನ್ ಅವರ 2000ದ 'ಮೆಮೆಂಟೊ' ಚಿತ್ರದಲ್ಲಿ ನಾಯಕನಿಗೆ ಹೊಸ ನೆನಪು ನಿಲ್ಲುವುದಿಲ್ಲ. ಮೈಮೇಲೆ ಹಚ್ಚೆ ಹಾಕಿಸಿಕೊಂಡು, ತಕ್ಷಣದ ಫೋಟೊಗಳ ಮೇಲೆ ಟಿಪ್ಪಣಿ ಬರೆದುಕೊಂಡು ಹೆಂಡತಿಯ ಕೊಲೆಗಾರನನ್ನು ಹುಡುಕುತ್ತಾನೆ. ಅದರ ನಿಜವಾದ ಬಂಡವಾಳ ಹಚ್ಚೆಯಲ್ಲ. ಬಣ್ಣದ ದೃಶ್ಯಗಳು ಹಿಂದುಹಿಂದಕ್ಕೆ ಚಲಿಸುತ್ತವೆ, ಆದ್ದರಿಂದ ಪ್ರತಿ ದೃಶ್ಯದ ಆರಂಭದಲ್ಲೂ ಅವನಂತೆ ನಮಗೂ ಹಿಂದೆ ಏನಾಯಿತೆಂದು ತಿಳಿದಿರುವುದಿಲ್ಲ. ಮರೆವನ್ನು ನಾವೇ ಅನುಭವಿಸುತ್ತೇವೆ. 2005ರ ತಮಿಳಿನ 'ಗಜಿನಿ', 2008ರ ಹಿಂದಿಯ 'ಗಜಿನಿ' ಹಚ್ಚೆಯನ್ನೂ ಫೋಟೊಗಳನ್ನೂ ಇಟ್ಟುಕೊಂಡು, ಆ ಕಟ್ಟಣೆಯನ್ನು ಬಿಟ್ಟವು. ನ್ಯಾಯವಾಗಿ ಹೇಳಬೇಕೆಂದರೆ, ಅವುಗಳ ನಡುವಿನ ಪ್ರೇಮಕಥೆ ನಮ್ಮವರದೇ ಸೃಷ್ಟಿ, ಅದು ಮನಸ್ಸಿಗೆ ತಟ್ಟುತ್ತದೆ. ಮರೆವು ಮಾತ್ರ ನಾಯಕನ ಸಿಟ್ಟನ್ನು ಕೆರಳಿಸುವ ಸಾಧನವಾಗಿ ಉಳಿಯಿತು. ಅಮೆರಿಕದವರೂ ಪರರ ಕಥೆ ತರುತ್ತಾರೆ: ಹಾಂಗ್‌ಕಾಂಗ್‌ನ 2002ರ 'ಇನ್‌ಫರ್ನಲ್ ಅಫೇರ್ಸ್' ಚಿತ್ರದ ಹಕ್ಕು ಪಡೆದು 2006ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ 'ದಿ ಡಿಪಾರ್ಟೆಡ್' ಮಾಡಿದರು. ಬರೆದ ವಿಲಿಯಂ ಮೊನಹನ್ ಆ ಕಥೆಯನ್ನು ಬಾಸ್ಟನ್ ನಗರದ ಐರಿಷ್ ಮೂಲದವರ ಬೀದಿಗಳಿಗೆ, ಅವರ ಬೈಗುಳಕ್ಕೆ, ಅವರ ಚರ್ಚಿಗೆ, ಅವರ ಜಾತಿಯಂಥ ಅಭಿಮಾನಕ್ಕೆ ನಾಟಿ ಮಾಡಿದರು. ಸಸಿ ತಂದವರು ನೆಲವನ್ನೂ ಹದಮಾಡಿದರು.

ಹಾಡುಗಳಿಂದ, ಇಂಟರ್ವಲ್ಲಿನಿಂದ, ಎರಡೂವರೆ ಗಂಟೆಯ ಉದ್ದದಿಂದ ನಮ್ಮ ಕಥೆ ಕೆಡುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಹಾಡಿಲ್ಲದೆ ಕಥೆಯೇ ಮುಂದೆ ಹೋಗುವುದಿಲ್ಲ. 1972ರ 'ಬಂಗಾರದ ಮನುಷ್ಯ'ದಲ್ಲಿ ಬಂಡೆಗಲ್ಲಿನ ನೆಲ ಒಂದು ಹಾಡಿನ ಅವಧಿಯಲ್ಲಿ ಹಸಿರು ಹೊಲವಾಗುತ್ತದೆ. ವರ್ಷಗಳ ದುಡಿಮೆಯನ್ನು ಅಷ್ಟು ಹ್ರಸ್ವವಾಗಿ, ಅಷ್ಟು ನಂಬುವಂತೆ ಹೇಳಲು ಹಾಡಿಗಲ್ಲದೆ ಮತ್ತಾವುದಕ್ಕೂ ಸಾಧ್ಯವಿರಲಿಲ್ಲ. ಅದೇ ಚಿತ್ರ ಮುಗಿಯುವುದು ಹೊಡೆದಾಟದಿಂದಲ್ಲ. ತಾನೇ ಕಟ್ಟಿ ಬೆಳೆಸಿದ ಮನೆಯಲ್ಲಿ ಅಕ್ಕನ ಮಗನಿಂದಲೇ ಮಾತು ಕೇಳಿ, ಯಾರಿಗೂ ಹೇಳದೆ ನಾಯಕ ನಡೆದುಹೋಗುವುದರಿಂದ. ಆ ಕಾಲದ ಅತಿ ದೊಡ್ಡ ತಾರೆಯೊಬ್ಬರು ಮರುಮಾತಿಲ್ಲದೆ ಹೊರಟುಹೋಗುವ ಕೊನೆಯನ್ನು ಒಪ್ಪಿಕೊಂಡರು, ಜನ ಅದನ್ನು ವರ್ಷಗಟ್ಟಲೆ ನೋಡಿದರು.

ಆ ಚಿತ್ರದ ಹಿಂದೆ ಟಿ. ಕೆ. ರಾಮರಾವ್ ಅವರ ಕಾದಂಬರಿ ಇತ್ತು. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ', 'ಶರಪಂಜರ'ಗಳ ಹಿಂದೆ ತ್ರಿವೇಣಿ ಇದ್ದರು, 'ಗೆಜ್ಜೆಪೂಜೆ'ಯ ಹಿಂದೆ ಎಂ. ಕೆ. ಇಂದಿರಾ, 'ನಾಗರಹಾವು' ಚಿತ್ರದ ಹಿಂದೆ ತರಾಸು ಅವರ ಮೂರು ಕಾದಂಬರಿಗಳು. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತರಾಸು ಬೇಸರಪಟ್ಟ ಮಾತು ಪ್ರಸಿದ್ಧವೇ ಆಗಿದೆ. ಆದರೆ ಆ ಜಗಳಕ್ಕೂ ಒಂದು ಘನತೆ ಇತ್ತು, ಏಕೆಂದರೆ ಲೇಖಕ ಮುನಿಸಿಕೊಂಡರೆ ನಾಡು ಅದನ್ನು ಕೇಳಿಸಿಕೊಳ್ಳುತ್ತಿತ್ತು. ಇವು ಯಾವುವೂ ಪ್ರಶಸ್ತಿಗಾಗಿ ಮಾಡಿದ ಚಿತ್ರಗಳಲ್ಲ, ಟಿಕೆಟ್ಟಿನ ಸಾಲು ಬೆಳೆಸಿದ ಚಿತ್ರಗಳು. ಮನೋರೋಗದಿಂದ ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರ, ನೆರೆಯವರ ಒಂದೊಂದು ನೋಟವೂ ಮತ್ತೆ ಹುಚ್ಚಿನ ಕಡೆಗೆ ನೂಕುತ್ತ ಹೋಗುವ 'ಶರಪಂಜರ'ವನ್ನು ಹೆಂಗಸರು ಮನೆಗೆಲಸ ಮುಗಿಸಿ ಮ್ಯಾಟಿನಿಗೆ ಹೋಗಿ ನೋಡಿ ಬಂದರು. ಕಾದಂಬರಿಯನ್ನು ಓದುವ ನಿರ್ಮಾಪಕರು, ನಿರ್ದೇಶಕರು ಕಡಿಮೆಯಾದ ಹಾಗೆ ಈ ನಂಟು ಸಡಿಲವಾಯಿತು, ನೆರೆಭಾಷೆಗಳ ಗೆದ್ದ ಚಿತ್ರಗಳ ರೀಮೇಕು ಆ ಜಾಗಕ್ಕೆ ಬಂತು. ಕನ್ನಡದಲ್ಲಿ ಕಥೆ ಬತ್ತಿರಲಿಲ್ಲ. ಬಾವಿಗೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆಯಿತು.

ಇಂದೂ ಅದು ಸಾಧ್ಯ ಎಂಬುದಕ್ಕೆ ಪುರಾವೆಗಳಿವೆ. 2013ರಲ್ಲಿ ಜೀತು ಜೋಸೆಫ್ ಬರೆದು ನಿರ್ದೇಶಿಸಿದ ಮಲಯಾಳದ 'ದೃಶ್ಯಂ', ಮರುವರ್ಷ ರವಿಚಂದ್ರನ್ ನಟನೆಯಲ್ಲಿ ಕನ್ನಡಕ್ಕೆ 'ದೃಶ್ಯ'ವಾಗಿ ಬಂತು, ಹಿಂದಿ, ತಮಿಳಿನಲ್ಲದೆ 2019ರಲ್ಲಿ ಚೀನಿ ಭಾಷೆಯಲ್ಲೂ ತೆರೆಕಂಡಿತು. ಹೆಚ್ಚು ಓದದ, ಕೇಬಲ್ ಟಿವಿ ನಡೆಸುತ್ತ ರಾತ್ರಿಯಿಡೀ ಸಿನಿಮಾ ನೋಡುವ ಒಬ್ಬ ಗೃಹಸ್ಥ ತನ್ನ ಮನೆಯವರನ್ನು ಕೊಲೆಯ ಆರೋಪದಿಂದ ಉಳಿಸಿಕೊಳ್ಳಬೇಕಾಗುತ್ತದೆ. ಅವನು ಸಾಕ್ಷಿಗಳಿಗೆ ಸುಳ್ಳು ಹೇಳಿಕೊಡುವುದಿಲ್ಲ. ಘಟನೆ ನಡೆದ ಮೇಲೆ ಸಂಸಾರ ಸಮೇತ ಪ್ರವಾಸ ಹೋಗಿ, ಆಮೇಲೆ ಮತ್ತೊಮ್ಮೆ ಅದೇ ಕಂಡಕ್ಟರನನ್ನು, ಅದೇ ಹೋಟೆಲಿನವನನ್ನು ಕಂಡು, ಮಾತಿನ ನಡುವೆ ತಾರೀಕನ್ನು ಮಾತ್ರ ಒಂದಿಷ್ಟು ಸರಿಸಿ ನೆನಪಿಸುತ್ತಾನೆ. ಅವರು ತಮ್ಮ ನೆನಪೆಂದು ನಂಬಿಯೇ ಪೊಲೀಸರಿಗೆ ಹೇಳುತ್ತಾರೆ. ಮೊದಲರ್ಧದಲ್ಲಿ ನಾವು ಬೇಸರದಿಂದ ನೋಡಿದ ಅವನ ಸಿನಿಮಾ ಹುಚ್ಚೇ ಎರಡನೆಯರ್ಧದಲ್ಲಿ ಅವನ ಬುದ್ಧಿಯ ಮೂಲವೆಂದು ತಿಳಿಯುತ್ತದೆ. ಇಂಟರ್ವಲ್ ಇಲ್ಲಿ ಅಡ್ಡಿಯಲ್ಲ, ಕಥೆಯ ಕೀಲು. ಅದೇ 2013ರಲ್ಲಿ ಪವನ್ ಕುಮಾರ್ ಜನರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ 'ಲೂಸಿಯಾ' ಮಾಡಿದರು. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಹುಡುಗನ ಎಚ್ಚರವೂ ಕನಸೂ ಅದರಲ್ಲಿ ಬಣ್ಣ, ಕಪ್ಪುಬಿಳುಪುಗಳಾಗಿ ಒಂದರೊಳಗೊಂದು ಹೆಣೆದುಕೊಂಡಿವೆ. ತಮಿಳಿನವರು ಅದನ್ನು ಕೊಂಡರು, ಪವನ್ ಕುಮಾರ್ ಅವರ ಮುಂದಿನ 'ಯೂ ಟರ್ನ್' ಚಿತ್ರವನ್ನು ತಮಿಳು, ತೆಲುಗು ಎರಡೂ ಭಾಷೆಯವರು ಕೊಂಡರು. ಕಥೆಯನ್ನು ಕೊಳ್ಳುವ ನಾಡಾಗಿದ್ದ ನಾವು ಮಾರುವ ನಾಡೂ ಆಗಬಲ್ಲೆವು ಎಂದು ಆ ದಿನ ನನಗೆ ಆದ ಸಂತೋಷ ಸಣ್ಣದಲ್ಲ.

'ಕೆ.ಜಿ.ಎಫ್', 'ಕಾಂತಾರ' ಚಿತ್ರಗಳಿಂದ ಕನ್ನಡ ಚಿತ್ರರಂಗದ ಕಡೆಗೆ ಇಡೀ ದೇಶ ತಿರುಗಿ ನೋಡಿದೆ, ಹಣದ ಕೊರತೆ ಎಂಬ ನೆಪ ದೊಡ್ಡ ನಿರ್ಮಾಪಕರಿಗಂತೂ ಈಗ ಉಳಿದಿಲ್ಲ. ಅದರಲ್ಲಿ ಒಂದು ಪಾಲನ್ನು, ನಾಯಕನಟರ ಡೇಟು ಸಿಗುವ ಮೊದಲೇ, ಒಬ್ಬ ಬರಹಗಾರನಿಗೆ ಒಂದು ವರ್ಷ ಸಂಬಳ ಕೊಟ್ಟು ಕೂರಿಸಲು ತೆಗೆದಿಡಿ ಎಂದು ನಿರ್ಮಾಪಕರಲ್ಲಿ ಕೇಳಿಕೊಳ್ಳುತ್ತೇನೆ.

ತಮ್ಮಲ್ಲಿಯೂ ಒಂದು ಕೋರಿಕೆ ಇದೆ. ನಿಮ್ಮ ಪತ್ರಿಕೆಯ ಚಿತ್ರವಿಮರ್ಶೆಗಳ ಪಕ್ಕದಲ್ಲಿ ಒಂದು ಚಿಕ್ಕ ಚೌಕವಿರುತ್ತದೆ. ಅದರಲ್ಲಿ ಚಿತ್ರದ ಹೆಸರು, ನಿರ್ಮಾಣ, ನಿರ್ದೇಶನ, ಸಂಗೀತ, ತಾರಾಗಣ ಎಂದು ಇರುತ್ತದೆ. ಕಳೆದ ಆರು ತಿಂಗಳ ಪುರವಣಿಗಳನ್ನು ಈ ಪತ್ರ ಬರೆಯುವ ಮೊದಲು ತೆಗೆದು ನೋಡಿದೆ. ಒಂದರಲ್ಲಿಯೂ ಚಿತ್ರಕಥೆ ಬರೆದವರ ಹೆಸರಿಗೆ ಸಾಲಿಲ್ಲ. ವಿಮರ್ಶೆಯ ಒಳಗೆ 'ಕಥೆ ದುರ್ಬಲವಾಗಿದೆ' ಎಂದು ಬರೆಯುವಾಗಲೂ ಅದು ಯಾರ ಕಥೆಯೆಂದು ಹೇಳಿರುವುದಿಲ್ಲ, 'ಕಥೆ ಬಿಗಿಯಾಗಿದೆ' ಎಂದು ಹೊಗಳುವಾಗಲೂ ಹೇಳಿರುವುದಿಲ್ಲ. ನಿರ್ದೇಶನ ಎಂಬ ಸಾಲಿನ ಮೇಲೆ 'ಕಥೆ, ಚಿತ್ರಕಥೆ' ಎಂದು ಇನ್ನೊಂದು ಸಾಲು ಸೇರಿಸಲು ಸಾಧ್ಯವೇ ಎಂದು ದಯವಿಟ್ಟು ಪರಿಶೀಲಿಸಬೇಕು. ನನ್ನ ಆ ವಿದ್ಯಾರ್ಥಿ ಈಗ ಊರಿಗೆ ಮರಳಿ ಅಪ್ಪನ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದಾನೆ, ಮುದುಕನ ಕಥೆಯ ನೋಟ್‌ಬುಕ್ಕು ಇನ್ನೂ ಅವನ ಬಳಿ ಇದೆ, ನಿಮ್ಮ ಪತ್ರಿಕೆಯನ್ನು ಅವನೂ ತರಿಸುತ್ತಾನೆ.

ವಂದನೆಗಳೊಂದಿಗೆ,
ನಿವೃತ್ತ ಕನ್ನಡ ಉಪನ್ಯಾಸಕ,
ತಿಪಟೂರು